ಇಪ್ಪತ್ತನಾಲ್ಕು ಹಲಗೆ

ಮೇಸ್ತ್ರಿಗೆ ಬಲಗೈಯಲ್ಲಿ ಮೂರು ಬೆರಳಿರಲಿಲ್ಲ. ಹೆಬ್ಬೆರಳು, ಕಿರುಬೆರಳು ಇದ್ದವು. ನಡುವಿನ ಮೂರು ಎರಡು ವರ್ಷದ ಹಿಂದೆ ಗರಗಸದ ಮೆಷಿನ್ನಿಗೆ ಹೋಗಿದ್ದವು. ಹೇಗಾಯಿತು ಎಂದು ಆಸ್ಪತ್ರೆಯಲ್ಲಿ ಕೇಳಿದಾಗ ಅವನು "ಮೆಷಿನ್" ಎಂದಷ್ಟೇ ಹೇಳಿದ. ಮನೆಯವರಿಗೆ ಪೂರ್ತಿ ಗೊತ್ತಿತ್ತು. ಹಲಗೆಯ ಇನ್ನೊಂದು ತುದಿ ಹಿಡಿದಿದ್ದ ಮಗ ಗೆರೆ ತಪ್ಪಿಸಿದ. ಮೆಷಿನ್ ನಿಲ್ಲಿಸದೆಯೇ ಮೇಸ್ತ್ರಿ ಅವನ ಕೆನ್ನೆಗೆ ಕೈ ಬೀಸಿದ. ಮಗ ತಲೆ ಬಗ್ಗಿಸಿದ. ಗಾಳಿಗೆ ಬಿದ್ದ ಕೈ ಆಯತಪ್ಪಿ ಗರಗಸದ ಮೇಲೆ ಹೋಯಿತು.

"ನೀನು ತಪ್ಪಿಸ್ಕೊಳ್ಳದೇ ಇದ್ದಿದ್ರೆ ನನ್ನ ಬೆರಳು ಉಳೀತಿತ್ತು" ಎಂದು ಮೇಸ್ತ್ರಿ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ.

"ಮುಂದಿನ ಸಲ ಮೊದಲೇ ಹೇಳಿ ಹೊಡಿ, ನಿಂತ್ಕೋತೀನಿ" ಎಂದು ಮಗ ಅನ್ನುತ್ತಿದ್ದ.

ಈಗ ಮೇಸ್ತ್ರಿ ಎಡಗೈಯಲ್ಲಿ ಹೊಡೆಯುತ್ತಿದ್ದ. ಎಡಗೈ ಏಟು ಗುರಿ ತಪ್ಪುತ್ತಿತ್ತು. ಹಾಗಾಗಿ ಒಂದು ಹೊಡೆಯುವ ಕಡೆ ಎರಡು ಹೊಡೆಯುತ್ತಿದ್ದ.

ಮನೆಯ ಮುಂಭಾಗವೇ ಕಾರ್ಖಾನೆ. ಹಿಂದೆ ಅಡುಗೆಮನೆ, ಎರಡು ಕೋಣೆ. ಮರದ ಪುಡಿ ಅನ್ನದಲ್ಲೂ ಇರುತ್ತಿತ್ತು, ಹಾಸಿಗೆಯಲ್ಲೂ ಇರುತ್ತಿತ್ತು. ಬಾಗಿಲ ಚೌಕಟ್ಟು, ಸ್ಟೂಲು, ಅಂಗಡಿಗಳ ಗಲ್ಲಾಪೆಟ್ಟಿಗೆ, ಇವು ಅಲ್ಲಿ ಆಗುತ್ತಿದ್ದ ಕೆಲಸ. ಮರ ನುಣುಪು ಮಾಡುವ ಕೀಸುಳಿಯನ್ನು ಎರಡೂ ಕೈಯಲ್ಲಿ ಹಿಡಿಯಲು ಮೇಸ್ತ್ರಿಗೆ ಬರುತ್ತಿರಲಿಲ್ಲ. ಮಗ ಹಿಡಿದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಇದು ಇಬ್ಬರಿಗೂ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಸೊಸೆ ಬಸ್ ನಿಲ್ದಾಣದ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಒಂದು ಸಂಜೆ ಅಲ್ಲಿಂದ ಅಗಲ ಬಾಯಿಯ ಡಬ್ಬವೊಂದನ್ನು ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟಳು. ಮುಚ್ಚಳ ತೆಗೆದರೆ ಒಳಗೆ ಬೆಳ್ಳಗೆ ಗಟ್ಟಿಯಾಗಿ ಏನೋ ಇತ್ತು.

"ಏನೇ ಅದು, ಮೊಸರಾ?" ಎಂದಳು ಅಜ್ಜಿ, ಮೇಸ್ತ್ರಿಯ ತಾಯಿ. ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಬಾಯಲ್ಲಿ ಹಲ್ಲಿರಲಿಲ್ಲ.

"ಅಕ್ರಿಲಿಕ್ ಜೆಲ್ ಅಜ್ಜಿ. ತಿಂದುಗಿಂದೀರ."

"ಹಲ್ಲು ಬೇಡದ್ದು ಏನಿದ್ರೂ ನನ್ನ ಪಾಲಿಗೆ ಊಟಾನೇ."

ಸೊಸೆ ಕಾರ್ಖಾನೆಯ ಮೂಲೆಯಿಂದ ಒಂದು ತುಂಡು ಹಲಗೆ ತಂದಿದ್ದಳು. ಅದರ ಮೇಲೆ ಜೆಲ್ ಸವರಿದಳು. ಅಜ್ಜಿಯ ಮುಖವನ್ನು ಫೋನಿನಲ್ಲಿ ತೆಗೆದು ಅಂಗಡಿಯ ಲೇಸರ್ ಪ್ರಿಂಟರಿನಲ್ಲಿ ಸಾದಾ ಕಾಗದದ ಮೇಲೆ ಅಚ್ಚು ಹಾಕಿಕೊಂಡು ಬಂದಿದ್ದಳು. ಅದನ್ನು ಬೋರಲಾಗಿ ಹಲಗೆಗೆ ಅಂಟಿಸಿ, ಹಳೆಯ ಬಸ್ ಪಾಸಿನ ಅಂಚು ಹಿಡಿದು ನಡುವಿನಿಂದ ಹೊರಕ್ಕೆ ಒತ್ತಿ ಒತ್ತಿ ಗುಳ್ಳೆ ತೆಗೆದಳು. ಮರುದಿನ ಕೆಲಸದಿಂದ ಬಂದ ಮೇಲೆ ಕಾಗದದ ಬೆನ್ನಿಗೆ ನೀರು ಚಿಮುಕಿಸಿ, ನೆನೆಯಲು ಬಿಟ್ಟು, ಬೆರಳ ತುದಿಯಿಂದ ಮೆಲ್ಲಗೆ ಉಜ್ಜಿದಳು. ಕಾಗದ ಸುರುಳಿ ಸುರುಳಿಯಾಗಿ ಎದ್ದು ಬಂತು. ಅಡಿಯಿಂದ ಅಜ್ಜಿ ಬಂದಳು. ಬಿಳಿಯಿದ್ದ ಕಡೆಯೆಲ್ಲ ಮರವೇ ಕಾಣುತ್ತಿತ್ತು. ಹಲಗೆಯ ಎಳೆಗಳು ಅಜ್ಜಿಯ ಸುಕ್ಕಿನ ಜೊತೆ ಸೇರಿಕೊಂಡಿದ್ದವು.

ಅತ್ತೆ, ಅಂದರೆ ಮೇಸ್ತ್ರಿಯ ಹೆಂಡತಿ, ಸೌಟು ಹಿಡಿದುಕೊಂಡೇ ಬಂದು ನೋಡಿದಳು. "ನಮ್ಮತ್ತೇನೇ. ಆದ್ರೆ ಮಚ್ಚೆ ಈ ಕಡೆ ಯಾಕೆ ಬಂತು?"

ಪ್ರಿಂಟ್ ಹಾಕುವ ಮೊದಲು ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಬೇಕಿತ್ತು. ಸೊಸೆ ಮರೆತಿದ್ದಳು.

ಅಜ್ಜಿ ಹಲಗೆಯನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು. "ಮಚ್ಚೆ ಆ ಕಡೆ ಇದ್ರೆ ಇವಳು ನಾನಲ್ಲ. ನನ್ನ ಸವತಿ. ಇವಳೆಲ್ಲಿದ್ದಾಳೆ ಅಂತ ನಲವತ್ತು ವರ್ಷ ಹುಡುಕಿದೀನಿ." ಆಮೇಲೆ ಹೆಬ್ಬೆರಳಿನಿಂದ ಉಜ್ಜಿ ನೋಡಿ ಕೇಳಿದಳು, "ಅಳಿಸಿ ಹೋಗಲ್ವಾ?"

"ಎಲ್ಲಿ ಹೋಗುತ್ತೆ? ಮುಖ ಮರದೊಳಗೇ ಇಳಿದುಬಿಟ್ಟಿದೆ. ಮರ ಇರೋವರೆಗೂ ಇರುತ್ತೆ."

ಅದು ನಿಜವಲ್ಲ. ಮುಖ ಇರುವುದು ಮರದ ಮೇಲೆ, ಈರುಳ್ಳಿಯ ಒಳಪೊರೆಯಷ್ಟು ತೆಳ್ಳಗಿನ ಜೆಲ್ಲಿನಲ್ಲಿ. ಗಿರಾಕಿಗಳಿಗೆ ಹೇಳಲು ಚೆನ್ನಾಗಿದೆ ಎಂದು ಜೆರಾಕ್ಸ್ ಅಂಗಡಿಯವನು ಕಲಿಸಿದ ಮಾತು ಅದು. ಸೊಸೆಗೆ ಬಾಯಿಪಾಠವಾಗಿತ್ತು.

ಬಾಗಿಲಲ್ಲಿ ಕೂತು ಉಳಿ ಮಸೆಯುತ್ತಿದ್ದ ಮೇಸ್ತ್ರಿಗೆ ಎಲ್ಲವೂ ಕೇಳಿಸಿತು. ಅವನು ಎದ್ದು ಬಂದು ಹಲಗೆಯನ್ನು ಕಿತ್ತುಕೊಂಡ.

"ಯಾರ ಮರ ಇದು?"

"ಮೂಲೇಲಿ ಬಿದ್ದಿತ್ತು ಮಾವ. ತುಂಡು."

"ಮೂಲೇಲಿ ಬಿದ್ದಿದ್ದೆಲ್ಲಾ ನಿನ್ನದಾ? ನಾನೂ ಒಂದು ಮೂಲೇಲಿ ಬಿದ್ದಿದೀನಿ. ನನಗೂ ಕಾಗದ ಮೆತ್ತು."

ಅವನು ಹಲಗೆಯನ್ನು ಗೋಡೆಗೆ ಬೀಸಿದ. ಅದು ಪಾತ್ರೆಗಳ ಮೇಲೆ ಬಿದ್ದು ಎರಡು ಗಾಜಿನ ಲೋಟ ಒಡೆದವು. ಮಗ ಹೊರಗಿನಿಂದ ಓಡಿ ಬಂದ. ಮೇಸ್ತ್ರಿ ಅವನಿಗೆ ಎರಡು ಹೊಡೆದ, ಒಂದು ತಾಗಿತು.

"ನನಗ್ಯಾಕೆ?" ಎಂದ ಮಗ.

"ಸೊಸೆ ಮೇಲೆ ಕೈ ಮಾಡೋಕಾಗುತ್ತಾ?" ಎಂದ ಮೇಸ್ತ್ರಿ. ಅವನಿಗೂ ಒಂದು ನಿಯಮವಿತ್ತು.

ಎರಡು ವಾರದ ಮೇಲೆ ಅಗ್ನಿಶಾಮಕ ಠಾಣೆಯ ಅಧಿಕಾರಿ ಜೆರಾಕ್ಸ್ ಅಂಗಡಿಗೆ ಬಂದ. ಅಂಗಡಿಯ ಗೋಡೆಗೆ ಸೊಸೆ ನೇತುಹಾಕಿದ್ದ ಅಜ್ಜಿಯ ಹಲಗೆಯನ್ನು ನೋಡಿದ. ಅದರ ಒಂದು ಮೂಲೆ ಮುರಿದಿತ್ತು, ಮುಖ ಸರಿಯಾಗಿತ್ತು. ಠಾಣೆಗೆ ಐವತ್ತು ವರ್ಷ ತುಂಬುತ್ತಿತ್ತು. ಅಲ್ಲಿ ದುಡಿದ ಇಪ್ಪತ್ತನಾಲ್ಕು ಜನರ ಮುಖ ಹೀಗೇ ಮರದ ಮೇಲೆ ಬೇಕು, ಮೂರು ವಾರದ ಮೇಲಿನ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಮಾರಂಭ ಎಂದ. ಮರ ಹಳೆಯದಾಗಿರಲಿ, ಬಾಗಬಾರದು ಎಂದೂ ಹೇಳಿದ.

ಅಧಿಕಾರಿ ಹೋದ ಮೇಲೆ ಅಂಗಡಿಯವನು ಸೊಸೆಗೆ ಹೇಳಿದ, "ಇಪ್ಪತ್ತನಾಲ್ಕೂ ಸರಿಯಾಗಿ ಬಂದ್ರೆ ಮೇಲಿನ ಕೋಣೆ ನಿನಗೆ. ಗಂಡನ್ನ ಕರ್ಕೊಂಡು ಬಾ. ಅವನು ಮರ ಕೊಯ್ಲಿ, ನೀನು ಮುಖ ಇಳಿಸು. ಅಲ್ಲೇ ಕೆಲಸ, ಅಲ್ಲೇ ಸಂಸಾರ."

ಕೋಣೆಗೆ ಒಂದು ಕಿಟಕಿ, ಒಂದು ನಲ್ಲಿ ಇತ್ತು. ಸೊಸೆ ಆ ದಿನವೇ ಮೇಲೆ ಹತ್ತಿ ನೋಡಿ ಬಂದಳು. ಒಲೆ ಎಲ್ಲಿಡಬೇಕು ಎಂಬುದನ್ನೂ ಗುರುತು ಮಾಡಿ ಬಂದಳು.

"ಏಟಿನ ಸದ್ದಿಲ್ಲದ ಒಂದು ಕೋಣೆ ಬೇಕು ನನಗೆ. ದೊಡ್ಡದು ಬೇಡ" ಎಂದು ಗಂಡನಿಗೆ ಹೇಳಿದಳು.

"ಅಪ್ಪ ಒಬ್ಬನೇ ಏನು ಮಾಡ್ತಾನೆ?"

"ಕೈ ಖಾಲಿ ಬಿಟ್ಕೊಂಡು ಕೂತ್ಕೋಲಿ. ಅಭ್ಯಾಸ ಆಗ್ಲಿ."

ಹಳೆಯ ಮರ ಮನೆಯ ಅಟ್ಟದ ಮೇಲೆಯೇ ಇತ್ತು. ಮೇಸ್ತ್ರಿಯ ಅಪ್ಪ ಮಾಡಿದ್ದ ಬೀರುವಿನ ಹಲಗೆಗಳು. ಬೀರು ಮುರಿದು ಬಹಳ ವರ್ಷವಾಗಿತ್ತು. ಮೇಸ್ತ್ರಿ ಹಲಗೆಗಳನ್ನು ಗೋಣಿಯಲ್ಲಿ ಸುತ್ತಿ ಇಟ್ಟಿದ್ದ. ಯಾರನ್ನೂ ಮುಟ್ಟಗೊಡುತ್ತಿರಲಿಲ್ಲ, ತಾನೂ ಮುಟ್ಟುತ್ತಿರಲಿಲ್ಲ.

ಮಧ್ಯಾಹ್ನದ ಊಟಕ್ಕೆ ಎಲ್ಲರೂ ಕೂತಿದ್ದಾಗ ಮಗ ಮಾತೆತ್ತಿದ.

"ಅಟ್ಟದ ಹಲಗೆ ಬೇಕಿತ್ತು ಅಪ್ಪ."

"ಯಾಕೆ?"

"ಇಪ್ಪತ್ತನಾಲ್ಕು ತುಂಡು ಬೇಕು. ಹೊಸ ಮರ ಬಾಗುತ್ತೆ, ಚಿತ್ರ ಬಿರುಕು ಬಿಡುತ್ತೆ."

"ನಮ್ಮಪ್ಪನ ಬೀರು ಅದು."

"ಈಗ ಬೀರು ಎಲ್ಲಿದೆ? ಮುರಿದು ಹೋಗಿದೆಯಲ್ಲ."

"ಮುರಿದವನೂ ಅವನಪ್ಪನೇ" ಎಂದಳು ಅಜ್ಜಿ, ಅನ್ನ ಕಿವುಚುತ್ತ. "ಬಾಗಿಲಿಗೆ ನನ್ನ ತಲೆ ಬಡಿದ. ಬಾಗಿಲು ಸೀಳ್ತು, ತಲೆ ಸೀಳಲಿಲ್ಲ. ನಮ್ಮ ತೌರಿನ ಕಡೆ ತಲೆ ಗಟ್ಟಿ."

"ಅಮ್ಮ, ಸುಮ್ನೆ ಉಣ್ಣು" ಎಂದ ಮೇಸ್ತ್ರಿ.

"ಉಣ್ತಾನೇ ಇದೀನಿ. ಕೊಟ್ಬಿಡು ಆ ಹಲಗೆ. ಅದರ ಮೇಲೆ ಬೇರೆ ಯಾರದಾದ್ರೂ ಮುಖ ಬರ್ಲಿ. ನನ್ನದು ಒಂದ್ಸಲ ಅಚ್ಚಾಗಿದೆ ಅದರಲ್ಲಿ."

ಸೊಸೆಗೆ ನಗು ಬಂತು. ನಗಬಾರದಿತ್ತು. ಮೇಸ್ತ್ರಿ ತಟ್ಟೆ ಎತ್ತಿ ಮಗನ ಮುಖಕ್ಕೆ ಎಸೆದ. ಬಿಸಿ ಬೇಳೆ ಕುತ್ತಿಗೆಗೆ ಇಳಿಯಿತು, ತಟ್ಟೆಯ ಅಂಚು ಹುಬ್ಬನ್ನು ಸೀಳಿತು. ರಕ್ತ ಅನ್ನದ ಮೇಲೆ ತೊಟ್ಟಿಕ್ಕಿತು. ಮಗ ಎದ್ದು ಒಳಗೆ ಹೋದ. ಅತ್ತೆ ನೆಲ ಒರೆಸಲು ಬಟ್ಟೆ ತಂದಳು.

"ಇನ್ನೊಂದು ತಟ್ಟೆ ಹಾಕು" ಎಂದ ಮೇಸ್ತ್ರಿ ಅವಳಿಗೆ.

"ಅದೇ ತಟ್ಟೆ ತೊಳ್ಕೊಂಡು ಬನ್ನಿ" ಎಂದಳು ಅತ್ತೆ. ಇಪ್ಪತ್ತೆಂಟು ವರ್ಷದಲ್ಲಿ ಅವಳು ಅವನಿಗೆ ಎದುರು ಹೇಳಿದ್ದು ಅದು ಎರಡನೆಯ ಸಲ.

ಕೋಣೆಯಲ್ಲಿ ಸೊಸೆ ಗಂಡನ ಹುಬ್ಬಿಗೆ ಬಟ್ಟೆ ಒತ್ತಿದಳು.

"ನೀನ್ಯಾಕೆ ನಕ್ಕಿದ್ದು?" ಎಂದ ಅವನು.

"ನಾನು ನಕ್ಕಿದ್ದಕ್ಕೆ ಅವರು ತಟ್ಟೆ ಎಸೆದ್ರಾ? ನಾನು ಬರೋದಕ್ಕೆ ಮುಂಚೆ ಎಸೀತಿರಲಿಲ್ವಾ? ಹೊಡಿಸ್ಕೊಂಡು ಬಂದು ನನ್ನ ಹತ್ರ ಗಂಡಸುತನ ತೋರಿಸ್ಬೇಡ."

ಅವನು ಅವಳ ಕೆನ್ನೆಗೆ ಬಾರಿಸಿದ. ಬಲಗೈ ಏಟು, ಗುರಿ ತಪ್ಪಲಿಲ್ಲ. ಅವಳು ಆ ಕೈಯನ್ನೇ ಹಿಡಿದು ಮಣಿಕಟ್ಟಿಗೆ ಬಾಯಿ ಹಾಕಿದಳು. ಅವನು ಕೂದಲು ಹಿಡಿದು ಎಳೆದರೂ ಬಿಡಲಿಲ್ಲ. ಬಿಟ್ಟಾಗ ಬಾಯಲ್ಲಿ ರಕ್ತವಿತ್ತು. ಅವಳು ಕಿಟಕಿಯಿಂದಾಚೆ ಉಗುಳಿ ಬಂದು ಹೇಳಿದಳು, "ಇನ್ನೊಂದ್ಸಲ ಹೊಡೆದ್ರೆ ಇನ್ನೂ ಒಳಗೆ ಹೋಗ್ತೀನಿ."

ಮರುದಿನ ಬೆಳಿಗ್ಗೆ ಚೌಕಟ್ಟಿನ ಮರ ಹಿಡಿದಾಗ ಮೇಸ್ತ್ರಿ ಮಗನ ಮಣಿಕಟ್ಟು ನೋಡಿದ.

"ನಾಯಿ ಕಚ್ತಾ?"

"ಹೂಂ."

"ಯಾವ ನಾಯಿ?"

"ಮನೇದೇ. ಹೊಡೆದ್ರೆ ಕಚ್ಚೋ ಜಾತಿ."

ಮೇಸ್ತ್ರಿ ನಕ್ಕ. ಅಪ್ಪ ಮಗ ಇಬ್ಬರೂ ಸೇರಿ ಆ ದಿನ ಎರಡು ಚೌಕಟ್ಟು ಮುಗಿಸಿದರು.

ನಾಲ್ಕು ದಿನ ಕಳೆದರೂ ಹಲಗೆ ಸಿಗಲಿಲ್ಲ. ಐದನೆಯ ದಿನ ಮಗ ಏಣಿ ಇಟ್ಟು ಅಟ್ಟ ಹತ್ತಿದ. ಮೇಸ್ತ್ರಿ ಏಣಿ ಅಲ್ಲಾಡಿಸಿದ. ಮಗ ಮೇಲಿನಿಂದ ಹಲಗೆಯೊಂದನ್ನು ಜಾರಿಸಿಬಿಟ್ಟ. ಅದು ಮೇಸ್ತ್ರಿಯ ಭುಜಕ್ಕೆ ಬಡಿಯಿತು. ಕೆಳಗಿಳಿದ ಮಗನನ್ನು ಮೇಸ್ತ್ರಿ ಗೋಡೆಗೆ ಒತ್ತಿ, ಬೆರಳಿಲ್ಲದ ಅಂಗೈಯಿಂದ ಗಂಟಲು ಅಮುಕಿದ. ಹೆಬ್ಬೆರಳು ಒಂದು ಕಡೆ, ಕಿರುಬೆರಳು ಇನ್ನೊಂದು ಕಡೆ. ನಡುವೆ ಹಿಡಿತವೇ ಇರಲಿಲ್ಲ. ಮಗ ಸುಲಭವಾಗಿ ಬಿಡಿಸಿಕೊಂಡು ಅವನನ್ನು ತಳ್ಳಿದ. ಮೇಸ್ತ್ರಿ ಕೆಲಸದ ಮೇಜಿನ ಮೂಲೆಗೆ ಪಕ್ಕೆ ಬಡಿದು, ಮರದ ಸಿಪ್ಪೆಯ ರಾಶಿಯ ಮೇಲೆ ಕೂತ.

ಯಾರೂ ಎಬ್ಬಿಸಲಿಲ್ಲ. ಅವನೇ ಎದ್ದ.

ಆ ದಿನದಿಂದ ಮಗ ಇಪ್ಪತ್ತನಾಲ್ಕು ಹಲಗೆ ಒಬ್ಬನೇ ಕೊಯ್ದ, ಮೇಜಿಗೆ ಬಿಗಿದು ಒಬ್ಬನೇ ಕೀಸಿದ. ಮೇಸ್ತ್ರಿ ಸ್ಟೂಲಿನ ಮೇಲೆ ಕೂತು ಬೀಡಿ ಸೇದುತ್ತ ನೋಡಿದ. "ಎಳೆಗೆ ಎದುರು ಹೋಗ್ತಿದೀಯ" ಎಂದು ಒಂದು ಸಲ ಹೇಳಿದ. ಮಗ ಕೀಸುಳಿಯನ್ನು ತಿರುಗಿಸಿ ಹಿಡಿದ.

ಸೊಸೆ ಅಂಗಡಿಗೆ ರಜೆ ಹಾಕಿದಳು. ಈ ಸಲ ಎಲ್ಲ ಚಿತ್ರಗಳನ್ನೂ ತಿರುಗಿಸಿಯೇ ಅಚ್ಚು ಹಾಕಿಸಿದ್ದಳು. ಜೆಲ್ ಸವರುವುದು, ಅಂಟಿಸುವುದು, ಒಣಗಿಸುವುದು, ನೆನೆಸುವುದು, ಉಜ್ಜುವುದು. ಜೋರಾಗಿ ಉಜ್ಜಿದರೆ ಕಾಗದದ ಜೊತೆ ಮೂಗೂ ಬರುತ್ತಿತ್ತು. ಒಬ್ಬನ ಮೂಗು ಬಂದೇಬಿಟ್ಟಿತು. ಆ ಹಲಗೆಯನ್ನು ಮಗ ಮತ್ತೆ ಕೀಸಿಕೊಟ್ಟ, ಅವಳು ಮೊದಲಿನಿಂದ ಮಾಡಿದಳು. ಜೆಲ್ ಡಬ್ಬ ತಳ ಕಂಡಿತು. ಹೊಸ ಡಬ್ಬ ದೂರದ ನಗರದಿಂದ ಪಾರ್ಸಲಿನಲ್ಲಿ ಬರಬೇಕು, ಹದಿನೈದು ದಿನ ಹಿಡಿಯುತ್ತದೆ ಎಂದು ಅಂಗಡಿಯವನು ಹೇಳಿದ್ದ. ಹಾಗಾಗಿ ಕೊನೆಗೆ ಮೇಲೆ ಬಳಿಯಲು ಜೆಲ್ ಬದಲು ವಾರ್ನಿಷ್ ತರುವುದೆಂದು ಗಂಡ ಹೆಂಡತಿ ಮಾತಾಡಿಕೊಂಡರು.

ಅತ್ತೆಯೂ ಉಜ್ಜಲು ಕೂತಳು. "ಪಾತ್ರೆ ತೊಳೆದ ಕೈ ನಿಮ್ಮದು, ಚರ್ಮ ಬರುತ್ತೆ ನೋಡ್ಕೊಳ್ಳಿ ಅತ್ತೆ" ಎಂದಳು ಸೊಸೆ.

"ಬಂದ್ರೆ ಬರ್ಲಿ. ಇವನ್ಯಾರು, ಮೀಸೆ ಚೆನ್ನಾಗಿದೆ."

"ಅವರು ಸತ್ತು ಆರು ವರ್ಷ ಆಯ್ತಂತೆ."

"ಹಂಗಾದ್ರೆ ಹೊಡೆಯಲ್ಲ ಬಿಡು. ಕೊಡು, ಇವನನ್ನ ನಾನೇ ಉಜ್ತೀನಿ."

ಕಾಗದ ಪೂರ್ತಿ ಹೋದಂತೆ ಕಂಡರೂ ಹಲಗೆ ಒಣಗಿದ ಮೇಲೆ ಮುಖದ ಮೇಲೆ ತೆಳುವಾಗಿ ಬಿಳಿ ಪೊರೆಯೊಂದು ಕೂರುತ್ತಿತ್ತು, ಕಾಗದದ ನಾರು. ಒದ್ದೆ ಬಟ್ಟೆಯಿಂದ ಒರೆಸಿದರೆ ಪೊರೆ ಮಾಯವಾಗಿ ಮುಖ ಎದ್ದು ನಿಲ್ಲುತ್ತಿತ್ತು. ಒಣಗಿದರೆ ಮತ್ತೆ ಮಂಕು.

"ಇದೇನು ನನ್ನ ಕಣ್ಣಾ, ಹಲಗೇನಾ?" ಎಂದಳು ಅಜ್ಜಿ.

"ಹಲಗೇನೇ ಅಜ್ಜಿ. ಮುಖ ಒಳಗೇ ಇದೆ. ವಾರ್ನಿಷ್ ಬಿದ್ರೆ ಎದ್ದು ಬರುತ್ತೆ."

ಮೇಸ್ತ್ರಿ ಅವಳ ಭುಜದ ಮೇಲಿನಿಂದ ಇಣುಕಿ ನೋಡುತ್ತಿದ್ದ. ಒರೆಸಿದಾಗ ಬರುವ, ಒಣಗಿದಾಗ ಹೋಗುವ ಮುಖವನ್ನು ಎರಡು ಮೂರು ಸಲ ನೋಡಿ ಮತ್ತೆ ಸ್ಟೂಲಿಗೆ ಹೋಗಿ ಕೂತ. ಅವನಿಗೆ ಅದು ಗೊತ್ತಿದ್ದ ವಿಷಯವೇ. ಉಜ್ಜಿದ ಮರ ಬೆಳ್ಳಗೆ ಸತ್ತಂತಿರುತ್ತದೆ, ಪಾಲಿಶ್ ಬಿದ್ದಾಗ ಒಳಗಿನ ಎಳೆ ಎದ್ದು ಬರುತ್ತದೆ. ನಲವತ್ತು ವರ್ಷ ಅವನು ಮಾಡಿದ ಕೆಲಸ ಅದು.

ಶುಕ್ರವಾರ ಸಂಜೆಗೆ ಇಪ್ಪತ್ತನಾಲ್ಕೂ ಉಜ್ಜಿ ಮುಗಿದವು. ಸೊಸೆಯ ಎರಡೂ ತೋರುಬೆರಳಿನ ಚರ್ಮ ಸುಲಿದಿತ್ತು. ಅವಳು ಬಟ್ಟೆಗಳನ್ನು ಒಂದು ಪೆಟ್ಟಿಗೆಯಲ್ಲಿ ಜೋಡಿಸಿಟ್ಟಿದ್ದು ಅತ್ತೆಯ ಕಣ್ಣಿಗೆ ಬಿತ್ತು.

ಅತ್ತೆ ಮೇಸ್ತ್ರಿಯ ಮುಂದೆ ಟೀ ಇಟ್ಟು ಹೇಳಿದಳು, "ಸೋಮವಾರ ಹೋಗ್ತಾರೆ."

"ಹೋಗ್ಲಿ."

"ಹೋದ್ಮೇಲೆ ನಿಮ್ಮ ಕೀಸುಳಿ ಯಾರು ಹಿಡೀತಾರೆ? ನಾನು ಹಿಡಿಯಲ್ಲ. ನನ್ನ ಹತ್ರ ಸೌಟು ಇದೆ."

"ಈಗ ನಾನೇನು ಅವನ ಕಾಲು ಹಿಡೀಬೇಕಾ?"

"ಕಾಲು ಬೇಡ. ಇಷ್ಟು ದಿನ ಕೂತು ನೋಡಿದ್ರಲ್ಲ, ಒಂದು ಕೈ ಸೇರಿಸಿದ್ರಾ? ಒಂದು ದಿನ ಒಂದು ಒಳ್ಳೆ ಕೆಲಸ ಮಾಡಿ. ಅವನು ಹೋದ್ರೂ ವಾರಕ್ಕೊಂದ್ಸಲ ಬರೋ ಹಂಗಾದ್ರೂ ಮಾಡ್ಕೊಳ್ಳಿ."

ಮೇಸ್ತ್ರಿ ಟೀ ಕುಡಿದು ಲೋಟ ಇಟ್ಟ. "ಏನು ಮಾಡ್ಬೇಕು ಅಂತ ಅವಳನ್ನ ಕೇಳ್ಲಾ?"

"ಕೇಳಿ. ಬಾಯೇನು ಸವೆಯಲ್ಲ."

ಅವನು ಕೇಳಲಿಲ್ಲ. ಜೀವಮಾನದಲ್ಲಿ ಅವನು ಯಾರನ್ನೂ ಏನು ಮಾಡಬೇಕೆಂದು ಕೇಳಿದವನಲ್ಲ.

ಶನಿವಾರ ಬೆಳಿಗ್ಗೆ ಗಂಡ ಹೆಂಡತಿ ವಾರ್ನಿಷ್ ಮತ್ತು ಹಿತ್ತಾಳೆ ಕೊಂಡಿ ತರಲು ಪೇಟೆಗೆ ಹೋದರು. ಹಾಗೇ ಕೋಣೆಯ ಬೀಗದ ಕೈ ಇಸಿದುಕೊಂಡು, ಅದನ್ನು ಗುಡಿಸಿ ಬರುವುದಿತ್ತು. ಅತ್ತೆ ಪಕ್ಕದ ಬೀದಿಯ ಗಿರಣಿಗೆ ಹೋದಳು. ಮನೆಯಲ್ಲಿ ಮೇಸ್ತ್ರಿ ಮತ್ತು ಅಜ್ಜಿ ಉಳಿದರು. ಹಲಗೆಗಳನ್ನು ಕೆಲಸದ ಮೇಜಿನ ಮೇಲೆ ಸಾಲಾಗಿ ಹರಡಿಟ್ಟಿದ್ದರು. ಎಲ್ಲ ಒಣಗಿ, ಎಲ್ಲ ಮುಖದ ಮೇಲೂ ಬಿಳಿ ಪೊರೆ ಕೂತಿತ್ತು.

ಮೇಸ್ತ್ರಿ ಒಂದು ಹಲಗೆಯ ಮೇಲೆ ಎಡಗೈ ಬೆರಳಾಡಿಸಿದ. ತರಿ ತರಿ ಹತ್ತಿತು.

"ಹಿಂಗೇ ಕೊಡ್ತಾರಾ ಇದನ್ನ?"

"ಏನಾಯ್ತೋ?" ಎಂದಳು ಅಜ್ಜಿ.

"ಮುಟ್ಟಿ ನೋಡು. ಕಾಗದ ಇನ್ನೂ ಅಂಟ್ಕೊಂಡಿದೆ. ಇದರ ಮೇಲೆ ವಾರ್ನಿಷ್ ಬಳಿದ್ರೆ ಗುಳ್ಳೆ ಏಳುತ್ತೆ. ಮಾನ ಹೋಗುತ್ತೆ."

ಅಜ್ಜಿ ಮುಟ್ಟಿ ನೋಡಿದಳು. "ಹೌದು ಕಣೋ, ಬೆಕ್ಕಿನ ನಾಲಿಗೆ ಹಂಗಿದೆ. ಪಾಪ ಬೆರಳು ಸುಲಿದಿತ್ತಲ್ಲ, ಅಲ್ಲಿಗೇ ಬಿಟ್ಟಿರ್ಬೇಕು."

ಮೇಸ್ತ್ರಿ ಗೋಡೆಯ ಗೂಡಿನಿಂದ ಸ್ಯಾಂಡ್‌ಪೇಪರ್ ತೆಗೆದ. ಇದ್ದದ್ದರಲ್ಲಿ ಅತಿ ನುಣುಪಿನದನ್ನು ಆರಿಸಿದ. ಮರದ ತುಂಡಿಗೆ ಸುತ್ತಿ, ಬಲಗೈಯ ಎರಡು ಬೆರಳಿನಲ್ಲಿ ಹಲಗೆ ಒತ್ತಿ ಹಿಡಿದು, ಎಡಗೈಯಲ್ಲಿ ಎಳೆಯ ಗುಂಟ ಉಜ್ಜಿದ. ಬಿಳಿ ಪುಡಿ ಎದ್ದಿತು. ಮುಖ ಇನ್ನಷ್ಟು ಮಂಕಾಯಿತು. ಪುಡಿಯಡಿಯಲ್ಲಿ ಮಂಕಾಗುವುದು ಸಹಜ ಎಂದುಕೊಂಡ. ಅಂಗೈ ಆಡಿಸಿ ನೋಡಿದ. ನುಣ್ಣಗಿತ್ತು.

"ಮುಖ ಹೋಗ್ಲಿಲ್ಲ ತಾನೇ?" ಎಂದಳು ಅಜ್ಜಿ.

"ಮುಖ ಮರದೊಳಗಿದೆ. ಅವಳೇ ಹೇಳಿದ್ದಲ್ವಾ? ವಾರ್ನಿಷ್ ಬಿದ್ರೆ ಎದ್ದು ಬರುತ್ತೆ."

ಅವನು ಅವಸರ ಮಾಡಲಿಲ್ಲ. ಒಂದೊಂದು ಹಲಗೆಯನ್ನೂ ಉಜ್ಜಿ, ನಾಲ್ಕು ಅಂಚನ್ನೂ ಸ್ವಲ್ಪ ದುಂಡಗೆ ಮಾಡಿ, ಒಂದರ ಮೇಲೊಂದು ಇಡುವಾಗ ಗೀರು ಬೀಳದಂತೆ ನಡುವೆ ಪತ್ರಿಕೆಯ ಹಾಳೆ ಇಟ್ಟ. ಊಟಕ್ಕೂ ಏಳಲಿಲ್ಲ. ಇಪ್ಪತ್ತಮೂರು ಆದವು. ಇಪ್ಪತ್ತನಾಲ್ಕನೆಯದು ಮೇಜಿನ ಮೇಲಿರಲಿಲ್ಲ. ಅದನ್ನು ಬೆಳಿಗ್ಗೆಯೇ ಅಜ್ಜಿ ತನ್ನ ನೀರಿನ ಚೊಂಬಿಗೆ ಮುಚ್ಚಳ ಮಾಡಿಕೊಂಡಿದ್ದಳು. ಎಣಿಸಲು ಅವನು ಹೋಗಲಿಲ್ಲ.

ಎರಡು ಗಂಟೆಗೆ ಮಗ ಸೊಸೆ ಬಂದರು. ಅವರ ಹಿಂದೆಯೇ ಅತ್ತೆ ಬಂದಳು. ಮೇಸ್ತ್ರಿ ಸ್ಟೂಲಿನ ಮೇಲೆ ಕೂತಿದ್ದ. ಮೀಸೆ, ಹುಬ್ಬು, ಎದೆಯ ಕೂದಲೆಲ್ಲ ಬಿಳಿ ಪುಡಿ.

"ಬಂದ್ರಾ? ಈಗ ಬಳೀರಿ ವಾರ್ನಿಷ್. ಈಗ ಕೆಲಸ ಅನ್ನಿಸ್ಕೊಳ್ಳುತ್ತೆ" ಎಂದ.

ಮಗ ಮೇಲಿನ ಹಲಗೆ ಎತ್ತಿದ. ಅದರ ಮೇಲೆ ಬೂದು ಬಣ್ಣದ ಕಲೆಯೊಂದಿತ್ತು. ಬಟ್ಟೆ ಒದ್ದೆ ಮಾಡಿ ಒರೆಸಿದ. ಮರದ ಎಳೆ ಎದ್ದು ಬಂತು. ಮುಖದಲ್ಲಿ ಉಳಿದದ್ದು ಒಂದು ಟೋಪಿಯ ಅಂಚು, ಒಂದು ಕಿವಿ. ಎರಡನೆಯದನ್ನು ಒರೆಸಿದ, ಮೂರನೆಯದನ್ನು ಒರೆಸಿದ. ಮೂರನೆಯದರಲ್ಲಿ ಕಿವಿಯೂ ಇರಲಿಲ್ಲ.

"ಏನು ಮಾಡ್ದೆ?"

"ಉಜ್ಜಿದೆ. ನೀವು ಅರ್ಧಕ್ಕೇ ಬಿಟ್ಟಿದ್ರಿ."

"ಎಲ್ಲಾನೂ?"

"ಎಲ್ಲಾನೂ" ಎಂದ ಮೇಸ್ತ್ರಿ. ಅವನ ದನಿಯಲ್ಲಿ ಆಗ ಇನ್ನೂ ಹೆಮ್ಮೆ ಇತ್ತು.

ಮಗ ಸೊಸೆಯ ಕಡೆ ನೋಡಿದ. ಅವಳು ಇನ್ನೊಂದು ಹಲಗೆ ಒರೆಸುತ್ತಿದ್ದಳು. ಮೇಸ್ತ್ರಿ ಎದ್ದು ಬಂದು ಮೇಜಿನ ಮೇಲೆ ಎಡಗೈ ಊರಿ ಬಗ್ಗಿ ನೋಡಿದ.

"ವಾರ್ನಿಷ್ ಹಾಕು. ನೀರಿಗೆ ಬರಲ್ಲ ಅದು, ವಾರ್ನಿಷಿಗೆ ಬರುತ್ತೆ" ಎಂದ.

ಮೇಜಿನ ಮೇಲೆ ಉಳಿಯ ಪಕ್ಕದಲ್ಲಿ ಅದನ್ನು ಬಡಿಯುವ ಕೊಡತಿ ಇತ್ತು. ಮರದ್ದೇ, ಆದರೆ ಒಂದೂವರೆ ಸೇರು ತೂಕದ್ದು. ಮಗ ಅದನ್ನು ಎತ್ತಿ, ಮೇಜಿನ ಮೇಲೆ ಊರಿದ್ದ ಎಡಗೈ ಮೇಲೆ ಬಡಿದ.

ಮೇಸ್ತ್ರಿ ಅದನ್ನು ಮುಚ್ಚಿಕೊಳ್ಳಲು ಬಲಗೈ ಚಾಚಿದ. ಮಗ ಆ ಬಲಗೈಯ ಎರಡು ಬೆರಳಿನ ಮೇಲೆ ತನ್ನ ಮೊಣಕೈ ಊರಿ, ಎಡಗೈಯನ್ನು ಮಣಿಕಟ್ಟಿನ ಹತ್ತಿರ ಹಿಡಿದು ಮತ್ತೆ ಬಡಿದ.

"ಇದೇ ಕೈ ಅಲ್ವಾ? ಇದೇ ಅಲ್ವಾ?"

ಅತ್ತೆ ಹಿಟ್ಟಿನ ಚೀಲ ಬಿಟ್ಟು ಓಡಿ ಬಂದು ಮಗನ ಬೆನ್ನಿಗೆ ಜೋತು ಬಿದ್ದಳು. ಅವನು ಮೈ ಕೊಡವಿದ. ಅವಳು ಬಾಗಿಲ ಚೌಕಟ್ಟಿಗೆ ಹಣೆ ಬಡಿದು ಕೆಳಗೆ ಕೂತಳು. ಮೂರನೆಯ ಏಟೂ ಬಿತ್ತು. ಅಜ್ಜಿ ಒಳಗಿನಿಂದ ಗೋಡೆ ತಡವುತ್ತ ಬಂದಳು.

"ಯಾರು ಯಾರಿಗೆ ಹೊಡೀತಿರೋದು?"

ಅವಳು ಕೈಗೆ ಸಿಕ್ಕ ಮೊಮ್ಮಗನ ಅಂಗಿ ಹಿಡಿದಳು.

"ಲೋ, ಬೆಳಿಗ್ಗೆಯಿಂದ ಉಂಡಿಲ್ಲ ಕಣೋ ಅವನು. ನಿಮಗೋಸ್ಕರ ಉಜ್ತಾ ಕೂತಿದ್ದ."

ಸೊಸೆಯ ಕೈಯಲ್ಲಿ ಹಲಗೆ ಇತ್ತು. ಅಂಚು ದುಂಡಗಾಗಿತ್ತು. ಅವಳು ಅದನ್ನು ಬೆಳಕಿಗೆ ಓರೆಯಾಗಿ ಹಿಡಿದಳು. ಒಂದು ಗೀರೂ ಅಡ್ಡ ಹೋಗಿರಲಿಲ್ಲ. ಎಲ್ಲವೂ ಎಳೆಯ ಗುಂಟವೇ ಇದ್ದವು. ಹಾಳು ಮಾಡುವವನು ಹೀಗೆ ಉಜ್ಜುವುದಿಲ್ಲ. ರಾಶಿಯಲ್ಲಿ ಹಲಗೆ ಹಲಗೆಯ ನಡುವೆ ಪತ್ರಿಕೆಯ ಹಾಳೆ ಅಚ್ಚುಕಟ್ಟಾಗಿ ಮಡಚಿ ಇತ್ತು.

"ಬಿಡು. ಬೇಕಂತ ಮಾಡಿಲ್ಲ ಅವರು" ಎಂದಳು.

ಅವಳು ಅದನ್ನು ಹೇಳಿದ್ದು ಮೂರನೆಯ ಏಟು ಬಿದ್ದ ಮೇಲೆ. ಹಲಗೆ ನೋಡಿ ತನಗೆ ತಿಳಿದದ್ದು ಎರಡನೆಯ ಏಟಿಗೆ ಮುಂಚೆಯೋ ಆಮೇಲೋ ಎಂದು ಅವಳನ್ನು ಯಾರೂ ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಮಗ ಕೊಡತಿ ಕೆಳಗಿಟ್ಟ. ಮೇಸ್ತ್ರಿ ಮೇಜಿನ ಮೇಲಿದ್ದ ತನ್ನ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿದ.

"ಮರದೊಳಗೆ ಇಳಿದಿದೆ ಅಂದಿದ್ಯಲ್ಲ" ಎಂದ ಸೊಸೆಗೆ.

"ಸುಳ್ಳು ಹೇಳಿದ್ದೆ ಮಾವ" ಎಂದಳು ಅವಳು.

ಆಸ್ಪತ್ರೆಯಲ್ಲಿ ಎರಡು ವರ್ಷದ ಹಿಂದಿನ ಡಾಕ್ಟರೇ ಇದ್ದರು. ಅವರು ಮೊದಲು ಬಲಗೈ ನೋಡಿದರು, ಆಮೇಲೆ ಎಡಗೈ ನೋಡಿದರು.

"ಇದು ಹೇಗಾಯ್ತು?"

"ಮೆಷಿನ್" ಎಂದ ಮೇಸ್ತ್ರಿ.

"ಮತ್ತೇನಾ?"

"ಮತ್ತೆ."

ಮಗ ಪಕ್ಕದಲ್ಲೇ ನಿಂತಿದ್ದ. ಅವನೂ ತಲೆಯಾಡಿಸಿದ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಅಗ್ನಿಶಾಮಕ ಠಾಣೆಯ ಅಧಿಕಾರಿ ಜೀಪಿನಲ್ಲಿ ಬಂದ. ಸೊಸೆ ಆದದ್ದನ್ನು ಹೇಳಿದಳು. ಯಾರು ಯಾರಿಗೆ ಹೊಡೆದರೆಂಬುದನ್ನು ಹೇಳಲಿಲ್ಲ. ಅವನು ಬೈಯಲಿಲ್ಲ. ಚೊಂಬಿನ ಮೇಲಿದ್ದ ಒಂದನ್ನು ಅಜ್ಜಿ ತೆಗೆದುಕೊಟ್ಟಳು. ಅದರ ಹಿಂಬದಿಯಲ್ಲಿ ನೀರಿನ ಬಳೆ ಗುರುತಿತ್ತು. ಎದುರು ಬದಿಯಲ್ಲಿ ಚೆಂದದ ಮೀಸೆಯವನಿದ್ದ. ಅಧಿಕಾರಿ ಅದನ್ನು ಪತ್ರಿಕೆಯಲ್ಲಿ ಸುತ್ತಿಕೊಂಡು ಹೋದ.

ಸೋಮವಾರ ಸೊಸೆ ಬಟ್ಟೆಯ ಪೆಟ್ಟಿಗೆ ಎತ್ತಿಕೊಂಡಳು.

"ಅಂಗಡಿಯವನು ಕೋಣೆ ಕೊಡಲ್ಲ ಅಂದ್ನಾ?" ಎಂದ ಮಗ.

"ಕೇಳಿಲ್ಲ. ಬೀಗದ ಕೈ ವಾಪಸ್ ಕೊಟ್ಟೆ."

"ಯಾಕೆ? ಮತ್ತೆ ಮಾಡೋಣ. ಹದಿನೈದು ದಿನಕ್ಕೆ ಡಬ್ಬ ಬರುತ್ತೆ."

"ಡಬ್ಬ ಬರುತ್ತೆ. ನಿನ್ನ ಕೈಯೂ ಬರುತ್ತಲ್ಲ ಜೊತೆಗೆ."

"ನಾನು ಬೇಕಂತ..."

"ಅವರೂ ಬೇಕಂತ ಮಾಡಿರಲಿಲ್ಲ." ಅವಳು ಚಪ್ಪಲಿ ಮೆಟ್ಟಿಕೊಂಡಳು. ಅತ್ತೆಗೆ "ಬರ್ತೀನಿ" ಎಂದಳು.

ಅತ್ತೆಯ ಹಣೆ ಊದಿತ್ತು. "ಬರ್ಬೇಡ" ಎಂದಳು ಅವಳು. "ಚೆನ್ನಾಗಿರು."

ಸೊಸೆ ಅಮ್ಮನ ಮನೆಗೆ ಹೋದಳು. ಅಲ್ಲಿಂದ ಅಂಗಡಿಗೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಅವಳು ಕೆಲಸ ಬಿಡಲಿಲ್ಲ. ಗೋಡೆಯ ಮೇಲಿದ್ದ ಅಜ್ಜಿಯ ಹಲಗೆಯನ್ನು ಇಳಿಸಿ ಮನೆಗೆ ಒಯ್ದಳು ಎಂದು ಅಂಗಡಿಯವನು ಆಮೇಲೆ ಮಗನಿಗೆ ಹೇಳಿದ.

ತಿಂಗಳ ಕೊನೆಗೆ ಕಾರ್ಖಾನೆ ಮತ್ತೆ ನಡೆಯಿತು. ಈಗ ಕೀಸುವವನು ಮಗ. ಮರ ಅಲುಗದಂತೆ ಇನ್ನೊಂದು ತುದಿಯ ಮೇಲೆ ಮೇಸ್ತ್ರಿ ಕೂರುತ್ತಾನೆ. ಮೈಭಾರವೇ ಹಿಡಿತ. ಊಟ ಅತ್ತೆ ಕಲಸಿ ಚಮಚದಲ್ಲಿ ಕೊಡುತ್ತಾಳೆ. ಉಪ್ಪು ಹೆಚ್ಚಾದರೆ ಅವನು ಮುಖ ತಿರುಗಿಸುತ್ತಾನೆ, ತಟ್ಟೆ ಎಸೆಯುವುದಿಲ್ಲ. "ಮನೇಲಿ ಈಗ ಎಷ್ಟು ಶಾಂತಿ" ಎಂದು ಅಜ್ಜಿ ಒಂದು ದಿನ ಅಂದಳು. ಯಾರೂ ನಗಲಿಲ್ಲ.

ಇಪ್ಪತ್ತಮೂರು ಹಲಗೆಗಳನ್ನು ಮಗ ಸ್ಟೂಲಿನ ಕಾಲಿಗೆ ಅಡ್ಡಪಟ್ಟಿಯಾಗಿ ಕೊಯ್ದು ಮುಗಿಸಿದ.

ಹೋದದ್ದು ಇಷ್ಟು. ಇಪ್ಪತ್ತಮೂರು ಮುಖ. ಒಂದು ಡಬ್ಬ ಜೆಲ್. ಕಿಟಕಿ, ನಲ್ಲಿ ಇದ್ದ ಒಂದು ಕೋಣೆ. ಒಬ್ಬಳು ಸೊಸೆ. ಮೇಸ್ತ್ರಿಯ ಎಡಗೈಯ ತೋರುಬೆರಳು, ನಡುಬೆರಳು. ಬಲಗೈಯ ಹಳೆಯ ಮೂರನ್ನು ಸೇರಿಸಿದರೆ ಒಟ್ಟು ಐದು ಬೆರಳು.